ಕಾಫಿ ಸೀಮೆಗೆ ಮನೆ ಬದಲಿಸುವ ಜೈನ ಕುಟುಂಬಗಳಿಗೆ: ಚಿಕ್ಕಮಗಳೂರು, ಮೂಡಿಗೆರೆ, ಕಳಸದಲ್ಲಿ ಮನೆ ಎಲ್ಲಿ ನೋಡಬೇಕು

ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಗೆ ಮನೆ ಬದಲಿಸುವ ಜೈನ ಕುಟುಂಬಗಳು ಸಾಮಾನ್ಯವಾಗಿ ಮೂರು ಕಾರಣಕ್ಕೆ ಬರುತ್ತವೆ. ಬ್ಯಾಂಕು, ಶಾಲೆ, ಸರ್ಕಾರಿ ಕಚೇರಿಯ ವರ್ಗಾವಣೆ ಒಂದು. ಕಾಫಿ, ಮೆಣಸು, ಅಡಿಕೆ, ದಿನಸಿ, ಬಟ್ಟೆಯ ವ್ಯಾಪಾರ ಇನ್ನೊಂದು. ಮೂರನೆಯದು ಜಿಲ್ಲೆಯ ಒಳಗಿನದೇ: ಕಳಸ, ಸಂಸೆ, ಬಾಳೂರು ಕಡೆಯ ತೋಟದ ಮನೆ ಬಿಟ್ಟು ಮಕ್ಕಳ ಓದಿಗಾಗಿ ಪೇಟೆಗೆ ಬರುವವರು. ಮೂವರೂ ಮೊದಲು ಕೇಳುವುದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂದು. ಕೇಳಬೇಕಾದದ್ದೇ. ಆದರೆ ಮನೆ ಸೇರಿ ಆರು ತಿಂಗಳಾದ ಮೇಲೆ ಕುಟುಂಬಕ್ಕೆ ಕಷ್ಟವಾಗುವುದು ಬಾಡಿಗೆಯಿಂದಲ್ಲ. ಸಂಜೆಯ ಊಟ, ಮಳೆ, ವಯಸ್ಸಾದವರ ಬಸದಿ ದರ್ಶನ, ರಾತ್ರಿ ಹೊತ್ತಿನ ಆಸ್ಪತ್ರೆ, ಇವುಗಳಿಂದ.

ಜೈನರಿಗೆ ಇದು ಹೊಸ ನೆಲವಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಹಳೆಯ ಸೊಸೆವೂರು. ಸುದತ್ತ ಮುನಿಗಳು ಸಳನಿಗೆ "ಹೊಯ್ ಸಳ" ಎಂದರೆಂಬ ಐತಿಹ್ಯ ಅಲ್ಲಿಯದು, ಹಳೆಯ ಬಸದಿಗಳೂ ಅಲ್ಲಿವೆ. ಕಳಸವು ಕಾರ್ಕಳದ ಭೈರರಸರಿಗೆ ಸೇರಿದ ಸೀಮೆಯಾಗಿತ್ತು. 1432ರಲ್ಲಿ ಕಾರ್ಕಳದ ಬಾಹುಬಲಿಯನ್ನು ಪ್ರತಿಷ್ಠಾಪಿಸಿದ ವೀರಪಾಂಡ್ಯ ಇದೇ ಮನೆತನದವನು. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ಅಮ್ಮನವರ ಬಸದಿ ಮತ್ತು ಭಟ್ಟಾರಕರ ಮಠವಿದೆ. ಹಳೇಬೀಡಿನ ಬಸ್ತಿಹಳ್ಳಿಯ ಬಸದಿಗಳಿಗೆ ಚಿಕ್ಕಮಗಳೂರಿನಿಂದ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮರಳಬಹುದು. ಆದರೆ ಕ್ಷೇತ್ರದರ್ಶನವೇ ಬೇರೆ, ನಿತ್ಯದ ವಾಸವೇ ಬೇರೆ. ಜಿಲ್ಲೆಯಲ್ಲಿ ಬಸದಿ ಇದೆ ಎಂದ ಮಾತ್ರಕ್ಕೆ ಬಾಡಿಗೆ ಮನೆಯ ಹತ್ತಿರ ಇದೆ ಎಂದಾಗುವುದಿಲ್ಲ.

ಸಂಜೆಯ ಲೆಕ್ಕ

ರಾತ್ರಿಭೋಜನ ತ್ಯಾಗವಿರುವ ಮನೆಯವರು ಮನೆ ನೋಡುವ ಮೊದಲು ಪಂಚಾಂಗ ನೋಡುವುದು ಒಳ್ಳೆಯದು. ಈ ಭಾಗದಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ಸೂರ್ಯಾಸ್ತ 6 ಗಂಟೆಗೆ ಮೊದಲೇ ಆಗುತ್ತದೆ. ಜೂನ್, ಜುಲೈನಲ್ಲಿ 7ರ ಹತ್ತಿರ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ಕ್ರಮ ಇಟ್ಟುಕೊಂಡ ಮನೆಯಲ್ಲಿ ಚಳಿಗಾಲದ ಊಟ 5 ಗಂಟೆ 10 ನಿಮಿಷದ ಒಳಗೆ ಮುಗಿಯಬೇಕು. ಇದು ಬಯಲು ಸೀಮೆಯಲ್ಲೂ ಅಷ್ಟೇ. ಆದರೆ ಇಲ್ಲಿ ತೊಡಕು ಬೇರೆ ಇದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ. ಹೊತ್ತು ಬೇಗ ಮುಳುಗುವ ತಿಂಗಳುಗಳಲ್ಲೇ ತೋಟದಲ್ಲೂ ಅಂಗಡಿಯಲ್ಲೂ ಕೆಲಸ ಹೆಚ್ಚು. ಕೊಯ್ದ ಹಣ್ಣಿನ ತೂಕ ನಡೆಯುವುದೇ ಸಂಜೆ. ತೋಟದ ರೈಟರ್ ಕೆಲಸಕ್ಕೆ ಸೇರಿದವರು 5 ಗಂಟೆಗೆ ಊಟಕ್ಕೆ ಕೂರುತ್ತೇನೆ ಎಂದರೆ ತೂಕದ ಕಾಟ ಕಾಯುವುದಿಲ್ಲ. ಪೇಟೆಯಲ್ಲಿ ಕಾಫಿ ಕೊಳ್ಳುವವರ ಕಥೆಯೂ ಅದೇ.

ಹಾಗಾಗಿ ಯಾರ ಊಟಕ್ಕೆ ಮನೆ ಹತ್ತಿರವಿರಬೇಕು ಎಂದು ಮೊದಲು ನಿಶ್ಚಯಿಸಬೇಕು. ದೊಡ್ಡವರು ಡಬ್ಬಿ ಒಯ್ಯಬಹುದು, ಒಂದು ಹೊತ್ತು ಬಿಡಲೂಬಹುದು. ಮಕ್ಕಳಿಗೆ ಅದು ಆಗದು. ಶಾಲೆ 4 ಗಂಟೆಗೆ ಬಿಟ್ಟು, ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕುಳಿತು ಬರುವ ಮಗುವಿಗೆ ಕೈಕಾಲು ತೊಳೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಬರುವ ಕುಟುಂಬಗಳು ಬಹುಪಾಲು ಕಚೇರಿಗೋ ಅಂಗಡಿಗೋ ಹತ್ತಿರ ಮನೆ ಹಿಡಿಯುತ್ತವೆ. ಶಾಲೆಯ ಹತ್ತಿರ ಹಿಡಿಯುವುದು ಮೇಲು. ಬೆಟ್ಟದ ಸಾಲಿನ ಪೂರ್ವಕ್ಕಿರುವ ಮನೆಗಳಲ್ಲಿ ಸೂರ್ಯ ಬೇಗ ಮರೆಯಾಗುತ್ತಾನೆ, ಮಂಜು ಬಿದ್ದ ದಿನ 5ಕ್ಕೇ ದೀಪ ಹಾಕಬೇಕಾಗುತ್ತದೆ. ಸಮಯಕ್ಕೆ ಪಂಚಾಂಗವೇ ಪ್ರಮಾಣ, ನಿಜ. ಆದರೆ ದೀಪದ ಬೆಳಕಿಗೆ ಬರುವ ಹುಳುಗಳು ಪಂಚಾಂಗ ನೋಡುವುದಿಲ್ಲ. ಅಡುಗೆಮನೆಗೆ ಪಶ್ಚಿಮದ ಕಿಟಕಿ ಇರುವ ಮನೆ ಸಿಕ್ಕರೆ ಬಿಡಬಾರದು.

ಬಸದಿಗೆ ನಡೆಯುವ ದೂರ

ದರ್ಶನವಾಗದೆ ಬಾಯಿಗೆ ನೀರು ಹಾಕದ ಹಿರಿಯರು ಅನೇಕ ಮನೆಗಳಲ್ಲಿ ಇದ್ದಾರೆ. ಊರಿನಲ್ಲಿ ಅವರು ಐವತ್ತು ವರ್ಷ ಪಾಲಿಸಿದ ನಿಯಮ ಹೊಸ ಊರಿಗೆ ಬಂದ ಒಂದೇ ಮಳೆಗಾಲದಲ್ಲಿ ತಪ್ಪುತ್ತದೆ. ಮಗ ಸೊಸೆ ಸ್ಕೂಟರಿನಲ್ಲಿ ಬಿಡುತ್ತೇವೆ ಎನ್ನುತ್ತಾರೆ, ಮೊದಲ ತಿಂಗಳು ಬಿಡುತ್ತಾರೆ. ಆಮೇಲೆ ಹಿರಿಯರೇ "ಬೇಡಪ್ಪ, ನಿನಗೆ ಹೊತ್ತಾಗುತ್ತೆ" ಎಂದು ಸುಮ್ಮನಾಗುತ್ತಾರೆ. ನಿಯಮ ತಪ್ಪಿದ ಬೇಸರವನ್ನು ಹೊರಗೆ ಆಡುವುದಿಲ್ಲ, ಊಟ ಕಡಿಮೆಯಾಗುತ್ತದೆ. ಮನೆಯವರು ಆಗ ವೈದ್ಯರನ್ನು ಹುಡುಕುತ್ತಾರೆ.

ಆದ್ದರಿಂದ ಬಸದಿಗೆ ದೂರ ಎಷ್ಟು ಎಂಬುದನ್ನು ಗೂಗಲ್ ಮ್ಯಾಪಿನಲ್ಲಿ ಅಳೆಯದೆ ಹಿರಿಯರನ್ನೇ ಕರೆದುಕೊಂಡು ನಡೆದು ನೋಡಬೇಕು. ಫೆಬ್ರವರಿಯಲ್ಲಿ ಹತ್ತು ನಿಮಿಷದ ಇಳಿಜಾರು ಜುಲೈನಲ್ಲಿ ಪಾಚಿ ಕಟ್ಟಿ ಜಾರುಬಂಡೆಯಾಗುತ್ತದೆ. ಚಾತುರ್ಮಾಸ್ಯ, ದಶಲಕ್ಷಣ ಪರ್ವ, ಅನಂತನೋಂಪಿ, ಎಲ್ಲವೂ ಮಳೆಯ ತಿಂಗಳಲ್ಲೇ ಬರುತ್ತವೆ. ಮನೆಯಲ್ಲೇ ಜಿನಬಿಂಬ ಇಟ್ಟು ಅಭಿಷೇಕ ಮಾಡುವುದೊಂದು ದಾರಿ. ಆದರೆ ದಿನ ತಪ್ಪದ ಪೂಜೆಯ ಹೊಣೆ ಹೊರಬೇಕು, ಎರಡು ವರ್ಷಕ್ಕೊಮ್ಮೆ ಬದಲಿಸುವ ಬಾಡಿಗೆ ಮನೆಗೆ ಅದು ಹೊಂದುವುದಿಲ್ಲ. ಶ್ವೇತಾಂಬರ ಕುಟುಂಬಗಳು ಮಂದಿರ, ಉಪಾಶ್ರಯ, ಸ್ಥಾನಕದ ವಿಚಾರವನ್ನು ಪೇಟೆಯ ವ್ಯಾಪಾರಸ್ಥ ಬಂಧುಗಳಲ್ಲಿ ಮೊದಲೇ ಕೇಳಿ ತಿಳಿದರೆ ಪರ್ಯುಷಣದ ಹೊತ್ತಿಗೆ ಓಡಾಟ ತಪ್ಪುತ್ತದೆ.

ಮೂರು ಊರುಗಳು, ಮೂರು ಮಳೆ

ಚಿಕ್ಕಮಗಳೂರು ನಗರ ಬೆಟ್ಟಸಾಲಿನ ಪೂರ್ವದ ತಪ್ಪಲಿನಲ್ಲಿದೆ, ಮಳೆ ಮೂಡಿಗೆರೆಗಿಂತ ಕಡಿಮೆ. ಮೂಡಿಗೆರೆಯಲ್ಲಿ ಹೆಚ್ಚು. ಕಳಸ, ಕುದುರೆಮುಖದ ಕಡೆ ಇನ್ನೂ ಹೆಚ್ಚು.

ನಗರದ ಹಳೆಯ ಪೇಟೆ ಎಂದರೆ ಎಂ.ಜಿ. ರಸ್ತೆ, ಐ.ಜಿ. ರಸ್ತೆ, ಮಾರುಕಟ್ಟೆ ರಸ್ತೆ, ಬಸವನಹಳ್ಳಿ. ಅಂಗಡಿ ಕೆಳಗೆ, ಮನೆ ಮೇಲೆ ಇಟ್ಟುಕೊಳ್ಳುವ ವ್ಯಾಪಾರಿಗೆ ಇದಕ್ಕಿಂತ ಅನುಕೂಲ ಇಲ್ಲ. ಗಾಡಿ ನಿಲ್ಲಿಸಲು ಜಾಗವಿಲ್ಲ, ಬಟ್ಟೆ ಒಣಗಿಸಲು ಬಿಸಿಲಿಲ್ಲ. ವಿಜಯಪುರ, ಜಯನಗರ, ಕಲ್ಯಾಣನಗರ, ಕೋಟೆ, ರಾಮನಹಳ್ಳಿ ವಾಸದ ಬಡಾವಣೆಗಳು. ಹಿರೇಮಗಳೂರು ಕಡೆಯೂ ಮನೆಗಳು ಬೆಳೆದಿವೆ. ಕಡೂರಿಗೆ ರೈಲು ಸಂಪರ್ಕ 2013ರಲ್ಲಿ ಬಂದ ಮೇಲೆ ಬೆಂಗಳೂರಿನಲ್ಲಿ ಮಕ್ಕಳಿರುವ ಹಿರಿಯರು ಆ ದಿಕ್ಕನ್ನೂ ನೋಡುತ್ತಾರೆ. ಬೆಟ್ಟಕ್ಕೆ ಹೋಗುವ ರಸ್ತೆಗಳಲ್ಲಿ ಮನೆ ಹಿಡಿಯುವವರು ಒಂದು ಶನಿವಾರ ರಾತ್ರಿ ಅಲ್ಲಿ ಹೋಗಿ ನೋಡಬೇಕು. ಪಕ್ಕದ ಮನೆ ಹೋಂಸ್ಟೇ ಆಗಿದ್ದರೆ ವಾರದ ಐದು ದಿನ ಇರುವ ನೆಮ್ಮದಿ ಉಳಿದ ಎರಡು ದಿನ ಇರುವುದಿಲ್ಲ. ಬೆಂಕಿ ಹಾಕಿ ಮಾಂಸ ಸುಡುವುದು, ಕುಡಿತ, ಡಿಜೆ, ಎಲ್ಲ ಕಾಂಪೌಂಡಿನ ಆಚೆಗೇ ನಡೆಯುತ್ತದೆ.

ಮೂಡಿಗೆರೆ ಸಣ್ಣ ಪೇಟೆ, ನಗರದಿಂದ ಸುಮಾರು 30 ಕಿ.ಮೀ. ಪೇಟೆಯ ಒಳಗೆ ಮನೆ ಸಿಕ್ಕರೆ ಶಾಲೆ, ಅಂಗಡಿ, ಬಸ್ ನಿಲ್ದಾಣ ಎಲ್ಲವೂ ಕಾಲ್ನಡಿಗೆಯಲ್ಲಿ ಮುಗಿಯುತ್ತವೆ, ಸಂಜೆಯ ಊಟದ ಲೆಕ್ಕ ಸಲೀಸಾಗಿ ಕೂಡುವುದು ಇಲ್ಲಿ. ಗೋಣಿಬೀಡು, ಬಣಕಲ್ ಕಡೆ ತೋಟದ ಅಂಚಿನ ಮನೆ ಅಗ್ಗಕ್ಕೆ ಸಿಗುತ್ತದೆ. ಆದರೆ ಈ ತಾಲ್ಲೂಕಿನಲ್ಲಿ ಕಾಡಾನೆಯ ಕಾಟ ಇದೆ. ಬೆಳಿಗ್ಗೆ ಟ್ಯೂಷನ್ನಿಗೋ ಬಸದಿಗೋ ಕತ್ತಲಲ್ಲಿ ನಡೆದು ಹೋಗುವುದನ್ನು ಊರವರೇ ಮಾಡುವುದಿಲ್ಲ, ಹೊಸಬರು ಮಾಡಬಾರದು.

ಕಳಸ ಮೊದಲು ಮೂಡಿಗೆರೆ ತಾಲ್ಲೂಕಿಗೆ ಸೇರಿತ್ತು, ಈಗ ಪ್ರತ್ಯೇಕ ತಾಲ್ಲೂಕು. ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿ.ಮೀ. ಘಟ್ಟದ ತಿರುವುಗಳಲ್ಲಿ ಎರಡೂವರೆ, ಮೂರು ಗಂಟೆ. ಇಲ್ಲಿ ಮನೆ ಹಿಡಿಯುವವರು ಭದ್ರಾ ನದಿಯ ಯಾವ ದಡದಲ್ಲಿ ಇರಬೇಕು ಎಂದು ಯೋಚಿಸಬೇಕು. ಕಳಸ ಮತ್ತು ಹೊರನಾಡಿನ ನಡುವಿನ ಹೆಬ್ಬಾಳೆ ಸೇತುವೆ ಜೋರು ಮಳೆಯಲ್ಲಿ ಮುಳುಗುತ್ತದೆ, ಆಗ ಹಳುವಳ್ಳಿ ಮೇಲೆ ಸುತ್ತಿ ಬರಬೇಕು. ಮನೆ ಒಂದು ದಡದಲ್ಲಿ, ಶಾಲೆ ಅಥವಾ ಅಂಗಡಿ ಇನ್ನೊಂದು ದಡದಲ್ಲಿ ಇದ್ದರೆ ಪ್ರತಿ ಮಳೆಗಾಲವೂ ಪೇಚಾಟ.

ಮನೆಯ ಹಿಂದಿನ ಧರೆಯನ್ನು ಮರೆಯದೆ ನೋಡಬೇಕು. ಬಯಲುಸೀಮೆಯವರಿಗೆ ಇದು ಹೊಳೆಯುವುದೇ ಇಲ್ಲ. ಗುಡ್ಡ ಕಡಿದು ಮಾಡಿದ ನಿವೇಶನದಲ್ಲಿ ಮಣ್ಣಿನ ಗೋಡೆ ಅಡುಗೆಮನೆಗೆ ಎಷ್ಟು ಹತ್ತಿರವಿದೆ, ಮೇಲಿನ ನೀರು ಹರಿಯಲು ಚರಂಡಿ ಇದೆಯೇ, ಧರೆಯಲ್ಲಿ ಬಿರುಕಿದೆಯೇ ಎಂಬುದು ಮೊಸಾಯಿಕ್ ನೆಲಕ್ಕಿಂತ ಮುಖ್ಯ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆಯ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಕುಟುಂಬಗಳು ಮನೆ ಕಳೆದುಕೊಂಡವು. ಅದೇ ಮಳೆಯಲ್ಲಿ ಚಾರ್ಮಾಡಿ ಘಾಟಿಯೂ ಕುಸಿದು ಸಂಚಾರ ನಿಂತಿತ್ತು. ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ ಮೂಡಿಗೆರೆಯವರಿಗೆ ಆ ಘಾಟಿಯೇ ದಾರಿ. ಹೃದಯದ ತೊಂದರೆ, ಡಯಾಲಿಸಿಸ್ ಇರುವವರು ಮನೆಯಲ್ಲಿದ್ದರೆ ಕಳಸವನ್ನೂ ಒಳಗಿನ ತೋಟಗಳನ್ನೂ ಬಿಟ್ಟು ಜಿಲ್ಲಾ ಕೇಂದ್ರದಲ್ಲಿ ಮನೆ ನೋಡುವುದೇ ಸರಿ. ಆಸ್ತಿ, ತೋಟ ಅಲ್ಲಿಯೇ ಇದ್ದರೂ ಸರಿ.

ಅಡುಗೆಮನೆ

ಮಳೆಗಾಲದಲ್ಲಿ ಹಿಟ್ಟಿನ ಮರ್ಯಾದೆ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ಎಂದು ಪಾಲಿಸುವ ಮನೆಗಳಿವೆ. ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯುವುದನ್ನು ಕಂಡವರಿಗೆ ಆ ಲೆಕ್ಕದ ಅರ್ಥ ತಾನಾಗಿಯೇ ತಿಳಿಯುತ್ತದೆ. ಹಾಗೆಂದರೆ ವಾರಕ್ಕೆ ಎರಡು ಸಲ ಗಿರಣಿಗೆ ಹೋಗಬೇಕು. ಹಿಟ್ಟಿನ ಗಿರಣಿ ಹತ್ತಿರವಿಲ್ಲದ ಬಡಾವಣೆ ಜೈನ ಗೃಹಿಣಿಗೆ ದೂರದ ಊರೇ. ಮಳೆಗೆ ಎರಡು ದಿನ ಕರೆಂಟು ಹೋದರೆ ಗಿರಣಿಯೂ ಇಲ್ಲ, ಮಿಕ್ಸಿಯೂ ಇಲ್ಲ. ಹಳೆಯ ಬೀಸುವ ಕಲ್ಲನ್ನು ಊರಲ್ಲೇ ಬಿಟ್ಟು ಬರಬೇಡಿ. ಹಪ್ಪಳ, ಉಪ್ಪಿನಕಾಯಿ, ಕಾಳುಕಡ್ಡಿಗೆ ಒಲೆಯ ಕಾವು ತಾಗುವ ಅಟ್ಟ ಇರುವ ಹಳೆಯ ಮನೆ ಹೊಸ ಆರ್‌ಸಿಸಿ ಮನೆಗಿಂತ ವಾಸಿ.

ನೀರು ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಅದೇ ನೀರಿಗೆ ಮರಳಿಸುವ ಕ್ರಮ ಇರುವವರು ಬಾವಿ ಇರುವ ಮನೆ ಹುಡುಕಬೇಕು. ನಗರಸಭೆಯ ನಲ್ಲಿಯಲ್ಲಿ ಆ ಕ್ರಮ ನಡೆಯದು. ಮುನಿಗಳ ಆಹಾರದಾನಕ್ಕೆ ಚೌಕ ಹಾಕುವ ಆಸೆ ಇದ್ದವರಿಗೂ ಬಾವಿಯೇ ಬೇಕು.

ನೆರೆಹೊರೆಯ ಬಗ್ಗೆ ಒಂದು ಮಾತು. "ನಮ್ಮವರ ಬೀದಿ"ಯಲ್ಲೇ ಮನೆ ಬೇಕು ಎಂದು ಹಟ ಹಿಡಿದು ವರ್ಷಗಟ್ಟಲೆ ಕಾಯುವವರಿದ್ದಾರೆ. ಕಾಫಿ ಸೀಮೆಯಲ್ಲಿ ಜೈನ ಮನೆಗಳು ಚದುರಿಕೊಂಡಿವೆ, ಅಂಥ ಬೀದಿ ಎಲ್ಲ ಕಡೆ ಸಿಗುವುದಿಲ್ಲ. ರಾತ್ರಿ ಮರ ಬಿದ್ದು ರಸ್ತೆ ಮುಚ್ಚಿದಾಗ ಕತ್ತಿ ಹಿಡಿದು ಬರುವವರು ಪಕ್ಕದ ಗೌಡರು, ಎದುರು ಮನೆಯ ಕ್ರೈಸ್ತರು, ತಿರುವಿನ ಮುಸ್ಲಿಂ ಜೀಪಿನವರು. ಅಡುಗೆಮನೆ ಬೇರೆ, ಬಚ್ಚಲು ಬೇರೆ, ನೀರಿನ ತೊಟ್ಟಿ ಬೇರೆ ಇದ್ದರೆ ಆಚಾರಕ್ಕೆ ಭಂಗವಿಲ್ಲ. ಒಂದೇ ಅಡುಗೆಕಟ್ಟೆ ಹಂಚಿಕೊಳ್ಳುವ ಪೋರ್ಷನ್ ಮಾತ್ರ ಬೇಡ. ಮಾಲೀಕರಿಗೆ ಮೊದಲ ದಿನವೇ ವಿಷಯ ಹೇಳಿದರೆ ಅವರು ಗೌರವಿಸುತ್ತಾರೆ. ನೆರೆಯವರು ಪ್ರೀತಿಯಿಂದ ತೋಟದ ಜೇನು, ಮಳೆಗಾಲದ ಅಣಬೆ ತಂದುಕೊಡುತ್ತಾರೆ. "ನಾವು ತಿನ್ನುವುದಿಲ್ಲ" ಎಂದು ಬಾಗಿಲಲ್ಲೇ ಮುಖ ಸಿಂಡರಿಸದೆ, ಕಾರಣ ಹೇಳಿ, ಬಾಳೆಹಣ್ಣೋ ಹಲಸೋ ಇದ್ದರೆ ಕೊಡಿ ಎಂದರೆ ಮುಂದಿನ ಸಲ ಅದೇ ಬರುತ್ತದೆ.

ಶಾಲೆ ಮತ್ತು ಕಾಗದಪತ್ರ

ತೋಟದಿಂದ ಪೇಟೆಗೆ ಬರುವ ಕುಟುಂಬಗಳು ಒಂದು ನಿಯಮ ತಿಳಿದಿರಬೇಕು. ಸಿಇಟಿ ಮೂಲಕ ಸಿಗುವ ವೃತ್ತಿಶಿಕ್ಷಣದ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಕೇಳಲು 1ರಿಂದ 10ನೇ ತರಗತಿವರೆಗೆ ಪೂರ್ತಿ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. 8ನೇ ತರಗತಿಗೆ ಮಗುವನ್ನು ನಗರದ ಶಾಲೆಗೆ ಹಾಕಿದರೆ ಏಳು ವರ್ಷದ ಹಳ್ಳಿ ಓದು ಲೆಕ್ಕಕ್ಕೆ ಬರುವುದಿಲ್ಲ. ಮೂರು ವರ್ಷ ತಡೆದು ಪಿಯುಸಿಗೆ ಬದಲಿಸುವುದು ಕೆಲವು ಮಕ್ಕಳಿಗೆ ಲಾಭ. ಆದರೆ ಹಳ್ಳಿ ಶಾಲೆಯಲ್ಲಿ ಶಿಕ್ಷಕರೇ ಇಲ್ಲದಿದ್ದರೆ ಮೀಸಲಾತಿಯ ಆಸೆಗೆ ಮಗುವಿನ ಓದು ಕೆಡಿಸಬಾರದು. ಸೀಟು ಸಿಗಬಹುದು, ಗಣಿತ ಬಾರದಿದ್ದರೆ ಆ ಸೀಟಿನಿಂದ ಏನು ಮಾಡುವುದು?

ದಿಗಂಬರ ಜೈನರು ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ 3ಬಿಗೆ ಸೇರಿದ್ದಾರೆ. ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ 2014ರಲ್ಲಿ ಸಿಕ್ಕಿತು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಮಕ್ಕಳ ವ್ಯಾಸಂಗ ಪ್ರಮಾಣಪತ್ರಗಳನ್ನು ಹಳೆಯ ಊರು ಬಿಡುವ ಮೊದಲೇ ಮಾಡಿಸಿಕೊಳ್ಳಬೇಕು. ಆಮೇಲೆ ಒಂದು ಸಹಿಗಾಗಿ ಬೆಳಗಾವಿಗೋ ತುಮಕೂರಿಗೋ ಓಡುವುದು ಯಾರಿಗೂ ಬೇಡ. ಶಾಲೆಯ ದಾಖಲೆಯಲ್ಲಿ ಕೇವಲ "ಜೈನ್" ಎಂದಿದ್ದು ಪ್ರಮಾಣಪತ್ರದಲ್ಲಿ "ಜೈನ ದಿಗಂಬರ" ಎಂದಿದ್ದರೆ ಅದನ್ನೂ ಆಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಬಾಡಿಗೆ ಕರಾರು 11 ತಿಂಗಳಿಗೆ ಬರೆಯುವುದು ರೂಢಿ. ಅಡ್ವಾನ್ಸ್ ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು ಮೊತ್ತವನ್ನು ಕರಾರಿನಲ್ಲಿ ಕಾಣಿಸಬೇಕು, ಬಾವಿ ಬಳಸುವ ಹಕ್ಕನ್ನೂ ಅದರಲ್ಲೇ ಬರೆಸಬೇಕು. ನಿವೇಶನ ಕೊಳ್ಳುವವರು ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಬೇಕು, ಇಸಿ ತೆಗೆಸಬೇಕು, ಕಾಫಿ ತೋಟದ ಅಂಚನ್ನು ಕಡಿದು ಭೂಪರಿವರ್ತನೆ ಇಲ್ಲದೆ ಮಾರುವ ತುಂಡುಗಳಿಂದ ದೂರವಿರಬೇಕು. ಮನೆ ಬದಲಿಸಲು ಏಪ್ರಿಲ್, ಮೇ ಒಳ್ಳೆಯ ತಿಂಗಳು: ಕೊಯ್ಲು ಮುಗಿದಿರುತ್ತದೆ, ಶಾಲೆಗೆ ರಜೆ, ಸಾಮಾನು ತುಂಬಿದ ಲಾರಿ ಏರಿನಲ್ಲಿ ಹೂತುಕೊಳ್ಳುವುದಿಲ್ಲ.