ಹಸಿವಿನ ಬಂಡೆಯ ಸ್ಥಳಪುರಾಣ

ಮಾರ್ಚ್ ಕೊನೆಯಲ್ಲಿ ಸ್ಟಾರ್ವ್ಡ್ ರಾಕ್‌ಗೆ ಹೋದವರಿಗೆ ಎರಡು ಋತುಗಳು ಒಟ್ಟಿಗೆ ಸಿಗುತ್ತವೆ. ಮೇಲಿನ ದಾರಿಯಲ್ಲಿ ಬಿಸಿಲು. ಕಮರಿಯೊಳಕ್ಕೆ ಇಳಿದರೆ ಬಂಡೆಯ ನೆರಳಿನಲ್ಲಿ ಚಳಿಗಾಲದ ಹಿಮಗಡ್ಡೆ ಇನ್ನೂ ಜೋತುಬಿದ್ದಿರುತ್ತದೆ. ಅದರ ಹಿಂದಿನಿಂದ ನೀರು ಸುರಿಯುವ ಸದ್ದು. ಮರಗಳು ಚಿಗುರಿರುವುದಿಲ್ಲವಾದ್ದರಿಂದ ಕಲ್ಲಿನ ಒಂದೊಂದು ಪದರವೂ ಕಾಣುತ್ತದೆ. ಇಲ್ಲಿನ ಹೆಚ್ಚಿನ ಜಲಪಾತಗಳು ಹಿಮ ಕರಗಿದಾಗ ಇಲ್ಲವೇ ಮಳೆ ಬಿದ್ದಾಗ ಮಾತ್ರ ಮೈದುಂಬುವಂಥವು. ಬೇಸಿಗೆ ಬಲಿತ ಮೇಲೆ ಬಂದವರಿಗೆ ಎಷ್ಟೋ ಕಡೆ ಒದ್ದೆ ಗೋಡೆಯಷ್ಟೇ ದರ್ಶನ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋದಿಂದ ನೈರುತ್ಯಕ್ಕೆ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಇಲಿನಾಯ್ ನದಿಯ ದಕ್ಷಿಣ ದಡದಲ್ಲಿ ಈ ಉದ್ಯಾನವಿದೆ. ಒಟ್ಟು 18 ಕಮರಿಗಳು. ಕಲ್ಲು ಸುಮಾರು 45 ಕೋಟಿ ವರ್ಷಗಳ ಹಿಂದಿನ ಸಮುದ್ರದ ಮರಳು. ಹಿಮಯುಗದ ಕೊನೆಯಲ್ಲಿ ಹಿಮನದಿಗಳು ಕರಗಿ ನುಗ್ಗಿದ ಮಹಾಪ್ರವಾಹ ನದಿಯ ಕಣಿವೆಯನ್ನು ಆಳವಾಗಿ ಕೊರೆಯಿತು. ಆ ಆಳಕ್ಕೆ ಧುಮುಕಬೇಕಾದ ಸಣ್ಣಪುಟ್ಟ ತೊರೆಗಳು ಮೆತ್ತನೆಯ ಮರಳುಗಲ್ಲನ್ನು ಸೀಳುತ್ತ ಕಮರಿಗಳನ್ನು ಮಾಡಿಕೊಂಡವು.

ಆದರೆ ಈ ಜಾಗಕ್ಕೆ ಹೆಸರು ಬಂದದ್ದು ನೀರಿನಿಂದಲ್ಲ, ಹಸಿವಿನಿಂದ. ನದಿಯಂಚಿಗೆ ಸುಮಾರು 125 ಅಡಿ ಎತ್ತರಕ್ಕೆ ನಿಂತಿರುವ ಬಂಡೆಯ ಕಥೆ ಹೀಗಿದೆ: 1769ರಲ್ಲಿ ಒಟ್ಟಾವಾ ನಾಯಕ ಪಾಂಟಿಯಾಕ್‌ನನ್ನು ಇಲಿನಾಯ್ ಒಕ್ಕೂಟಕ್ಕೆ ಸೇರಿದ ಪಿಯೋರಿಯಾ ಪಂಗಡದವನೊಬ್ಬ ಕೊಂದ. ಸೇಡಿಗೆಂದು ಒಟ್ಟಾವಾ, ಪೊಟವಟೊಮಿ ಯೋಧರು ಇಲಿನಾಯ್ ಜನರನ್ನು ಅಟ್ಟಿಸಿಕೊಂಡು ಬಂದರು. ಅವರು ಬಂಡೆ ಹತ್ತಿದರು. ಕೆಳಗೆ ಮುತ್ತಿಗೆ. ನದಿಯ ನೀರಿಗೆಂದು ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನೂ ವೈರಿಗಳು ಕತ್ತರಿಸಿದರು. ಕೊನೆಗೆ ಎಲ್ಲರೂ ಅನ್ನನೀರಿಲ್ಲದೆ ಸತ್ತರು. ಇಲಿನಾಯ್ ಜನ ಅಲ್ಲಿಗೇ ಮುಗಿದರು.

ಪಾಂಟಿಯಾಕ್‌ನ ಕೊಲೆ ನಡೆದದ್ದು ನಿಜ, ಆದರೆ ಇಲ್ಲಲ್ಲ. ದೂರದ ದಕ್ಷಿಣದಲ್ಲಿ, ಮಿಸಿಸಿಪ್ಪಿ ದಡದ ಕಹೋಕಿಯಾದಲ್ಲಿ. ಆ ಹೊತ್ತಿಗೆ ಇಲಿನಾಯ್ ಜನರಲ್ಲಿ ಹೆಚ್ಚಿನವರು ಇದ್ದದ್ದೂ ಆ ಕಡೆಯೇ. ಅಂಥ ಹತ್ಯಾಕಾಂಡದ ಸುದ್ದಿ ಆ ಕಾಲದ ಕಾಗದಪತ್ರಗಳಲ್ಲಿ ಸಿಗುವುದಿಲ್ಲ. ಕಥೆ ಪುಸ್ತಕಗಳಿಗೆ ಬಂದದ್ದು 19ನೇ ಶತಮಾನದಲ್ಲಿ.

ಹಾಗಂತ ಪೂರ್ತಿ ಕಟ್ಟುಕಥೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ಬಂಡೆಯ ಎದುರು ದಡದಲ್ಲಿ ಕಸ್ಕಾಸ್ಕಿಯಾ ಎಂಬ ದೊಡ್ಡ ಊರಿತ್ತು. 1673ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ಪಾದ್ರಿ ಮಾರ್ಕೆಟ್ ಎಣಿಸಿದ ಮನೆಗಳು 74. ಮತ್ತೆ ಬರುತ್ತೇನೆಂದು ಮಾತು ಕೊಟ್ಟಿದ್ದ ಆತ, ಷಿಕಾಗೋ ನದಿಯ ಬಳಿ ಕಾಯಿಲೆಯಲ್ಲೇ ಚಳಿಗಾಲ ಕಳೆದು, 1675ರ ಮಾರ್ಚ್ ಕೊನೆಯಲ್ಲಿ ಹಿಮ ಒಡೆದು ನೆರೆ ಬಂದ ಮೇಲೆ ದೋಣಿ ಹತ್ತಿದ. ಏಪ್ರಿಲ್‌ನಲ್ಲಿ ಈಸ್ಟರ್ ವಾರಕ್ಕೆ ಸರಿಯಾಗಿ ಇಲ್ಲಿಗೆ ತಲುಪಿ ಉಪದೇಶ ಮಾಡಿದ. ಮೇ ತಿಂಗಳಲ್ಲಿ, ಹಿಂದಿರುಗುವ ದಾರಿಯಲ್ಲಿ ತೀರಿಕೊಂಡ. 1682–83ರ ಚಳಿಗಾಲದಲ್ಲಿ ಲಾ ಸಾಲ್ ಮತ್ತು ತೋಂತಿ ಬಂಡೆಯ ನೆತ್ತಿಯ ಮೇಲೆ ಸೇಂಟ್ ಲೂಯಿ ಕೋಟೆ ಕಟ್ಟಿದರು. ಹತ್ತು ವರ್ಷವೂ ತುಂಬುವ ಮೊದಲೇ ಸುತ್ತಲಿನ ಜನ ಅಲ್ಲಿಂದ ಹೊರಟರು, ಕೋಟೆಯೂ ಅವರ ಹಿಂದೆಯೇ ಪಿಯೋರಿಯಾದ ಕಡೆಗೆ ಸರಿಯಿತು. ಅವರು ಕೊಟ್ಟ ಕಾರಣ ಗಮನಿಸಬೇಕು: ಸೌದೆ ದೂರವಾಗಿದೆ, ಶತ್ರು ಮುತ್ತಿದರೆ ಬಂಡೆಯ ಮೇಲಕ್ಕೆ ನೀರು ತರುವುದು ಕಷ್ಟ. ಮುಂದೆ 1722ರಲ್ಲಿ ಮುತ್ತಿಗೆಯೂ ಆಯಿತು. ಮೆಸ್ಕ್ವಾಕಿಗಳು ಪಿಯೋರಿಯಾ ಜನರನ್ನು ಇದೇ ಬಂಡೆಯ ಮೇಲೆ ಸುತ್ತುವರಿದರು. ಆದರೆ ಮೇಲಿದ್ದವರು ಅಳಿಯಲಿಲ್ಲ. ಮುತ್ತಿಗೆ ತೆರವಾಯಿತು, ಅವರು ಬಂಡೆ ಬಿಟ್ಟು ದಕ್ಷಿಣಕ್ಕೆ ಹೋದರು. ಕತ್ತರಿಸಿದ ಹಗ್ಗದ ಕಥೆಯಲ್ಲಿ ಈ ಹಳೆಯ ನೀರಿನ ಭಯವೂ ಈ ಮುತ್ತಿಗೆಯ ನೆನಪೂ ಬೆರೆತಿರಬಹುದು. ಬದಲಾದದ್ದು ಕೊನೆ ಮಾತ್ರ: ಬದುಕಿ ಹೊರಟವರನ್ನು ಕಥೆ ಸಾಯಿಸಿತು.

ಆ ಕೊನೆಯಿಂದ ಹೊಸದಾಗಿ ಬಂದು ನೆಲೆಸಿದವರಿಗೆ ಅನುಕೂಲವಿತ್ತು. ಒಬ್ಬರನ್ನೊಬ್ಬರು ಕೊಂದು ಮುಗಿದುಹೋದವರ ನೆಲಕ್ಕೆ ಹಕ್ಕುದಾರರು ಯಾರು? ನಿಜಕ್ಕೂ ನಡೆದದ್ದು ಒಪ್ಪಂದಗಳು, ಒಂದಾದ ಮೇಲೊಂದು. 1832ರ ಒಪ್ಪಂದದ ಹೊತ್ತಿಗೆ ಇಲಿನಾಯ್‌ನಲ್ಲಿ ಆ ಜನರ ಭೂಮಿ ಹೆಚ್ಚುಕಡಿಮೆ ಮುಗಿದಿತ್ತು. ಮೂರೇ ವರ್ಷಕ್ಕೆ, 1835ರಲ್ಲಿ, ಡೇನಿಯಲ್ ಹಿಟ್ ಎಂಬಾತ ಬಂಡೆಯ ಸುತ್ತಲಿನ ಜಮೀನನ್ನು ಸರ್ಕಾರದಿಂದ 85 ಡಾಲರಿಗೆ ಕೊಂಡ. 1890ರಲ್ಲಿ ಅದನ್ನು 15,000 ಡಾಲರಿಗೆ ಮಾರಿದ. ಕೊಂಡ ಫರ್ಡಿನಾಂಡ್ ವಾಲ್ಥರ್ ಹೋಟೆಲು, ನೃತ್ಯಮಂಟಪ ಕಟ್ಟಿ ಅದನ್ನೊಂದು ವಿಹಾರಧಾಮ ಮಾಡಿದ. ಹಸಿದು ಸತ್ತವರ ಕಥೆ ಪ್ರವಾಸಿಗರನ್ನು ಕರೆತರುತ್ತಿತ್ತು; ಹೋಟೆಲಿನಲ್ಲಿ ಊಟ ಸಿಗುತ್ತಿತ್ತು. 1911ರಲ್ಲಿ ರಾಜ್ಯ ಸರ್ಕಾರ 1,46,000 ಡಾಲರು ಕೊಟ್ಟು ಉದ್ಯಾನವೆಂದು ಪಡೆಯಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ಯುವಕರ ಸರ್ಕಾರಿ ಪಡೆ ಇಲ್ಲಿ ಕಾಲುದಾರಿಗಳನ್ನೂ ಮರದ ದಿಮ್ಮಿಗಳ ಅತಿಥಿಗೃಹವನ್ನೂ ಕಟ್ಟಿತು.

ಮುಗಿದುಹೋದರೆಂದ ಜನ ಈಗ ಓಕ್ಲಹೋಮಾದಲ್ಲಿದ್ದಾರೆ. ಕಸ್ಕಾಸ್ಕಿಯಾ, ಪಿಯೋರಿಯಾ, ಪಿಯಾಂಕಶಾ, ವೀಯಾ ಪಂಗಡಗಳು 1854ರಲ್ಲಿ ಒಂದಾದವು. 1867ರ ಒಪ್ಪಂದದ ನಂತರ ಕನ್ಸಾಸ್‌ನಿಂದಲೂ ಹೊರಡಬೇಕಾಯಿತು. 1950ರ ದಶಕದಲ್ಲಿ ಅಮೆರಿಕ ಸರ್ಕಾರ ಈ ಬುಡಕಟ್ಟಿನ ಮಾನ್ಯತೆಯನ್ನೇ ರದ್ದು ಮಾಡಿತು. 1978ರಲ್ಲಿ ಅದನ್ನು ಮರಳಿ ಕೊಟ್ಟಿತು. ಭಾಷೆಯನ್ನು ಮನೆಮಾತಾಗಿ ಆಡುವವರು ಉಳಿದಿರಲಿಲ್ಲ. ಆದರೆ ಮಾರ್ಕೆಟ್‌ನ ನಂತರ ಬಂದ ಜೆಸುಯಿಟ್ ಪಾದ್ರಿಗಳು, ಮತಪ್ರಚಾರಕ್ಕೆಂದು, ಇಲಿನಾಯ್ ನುಡಿಯ ಸಾವಿರಾರು ಶಬ್ದಗಳನ್ನು ಫ್ರೆಂಚ್ ಅರ್ಥದೊಂದಿಗೆ ಬರೆದಿಟ್ಟಿದ್ದರು. ಆ ಹಸ್ತಪ್ರತಿಗಳನ್ನು ಬಿಡಿಸಿ ಓದಿ, ಅದರಿಂದಲೇ ಭಾಷೆಯನ್ನು ಮತ್ತೆ ಕಲಿಯುವ ಕೆಲಸ ನಡೆದಿದೆ.