ಕಡಲ ಯುದ್ಧಗಳ ನಡುವೆ ಕೆಳದಿ: ಕರಾವಳಿಯ ಅಕ್ಕಿ ಮತ್ತು ತಟಸ್ಥ ನೀತಿ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಗೆ ಕಡಲ ಕಿನಾರೆ ಇಲ್ಲ. ಆದರೆ ಇಲ್ಲಿನ ಹೊಳೆಗಳೆಲ್ಲ ಪಡುವಣ ಕಡಲಿಗೇ ಇಳಿಯುತ್ತವೆ. ಪುಷ್ಪಗಿರಿಯಲ್ಲಿ ಹುಟ್ಟಿದ ಕುಮಾರಧಾರಾ ಸುಬ್ರಹ್ಮಣ್ಯವನ್ನು ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಅಳಿವೆಗೆ ಹೋಗುತ್ತದೆ. ಸುಳ್ಯದ ಪಯಸ್ವಿನಿ ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿ ಸಮುದ್ರ ಸೇರುತ್ತದೆ. ಘಟ್ಟದ ಬುಡದ ಈ ಸೀಮೆಯ ಅಕ್ಕಿ, ಕರಿಮೆಣಸು, ಅಡಿಕೆಗಳಿಗೂ ಹೊಳೆ ತೋರಿದ್ದೇ ದಾರಿ. ಹೇರೆತ್ತುಗಳ ಬೆನ್ನ ಮೇಲೆ ಬಂಟ್ವಾಳಕ್ಕೆ, ಅಲ್ಲಿಂದ ದೋಣಿಯಲ್ಲಿ ಬಂದರಿಗೆ. ಹೀಗಾಗಿ ಅರಬ್ಬೀ ಸಮುದ್ರದಲ್ಲಿ ಯಾರು ಯಾರ ಹಡಗನ್ನು ಹಿಡಿಯುತ್ತಿದ್ದಾರೆ ಎಂಬುದು ಒಳನಾಡಿನ ಗದ್ದೆಯ ಬದುಕಿಗೂ ತಟ್ಟುವ ಸಂಗತಿಯಾಗಿತ್ತು.

ಹದಿನೇಳನೆಯ ಶತಮಾನದಲ್ಲಿ ಈ ಕರಾವಳಿಯನ್ನು ಆಳಿದ ಕೆಳದಿ ನಾಯಕರು ವಿಜಯನಗರದ ನೆರಳಿನಿಂದ ಆಗಷ್ಟೇ ಹೊರಬಂದ ಹೊಸ ರಾಜ್ಯದವರು. ಅವರ ಚರಿತ್ರೆಯನ್ನು ಬರೆಯುವಾಗ ಶಿವಪ್ಪನಾಯಕನು ಪೋರ್ಚುಗೀಸರನ್ನು ಓಡಿಸಿದ ಪ್ರಸಂಗಕ್ಕೆ ಹೆಚ್ಚು ಪುಟಗಳು ಸಲ್ಲುತ್ತವೆ. 1652ರಿಂದ 1654ರ ನಡುವೆ ಗಂಗೊಳ್ಳಿ, ಬಸ್ರೂರು, ಹೊನ್ನಾವರದ ಕೋಟೆಗಳನ್ನು ಅವನು ಗೆದ್ದದ್ದು ದೊಡ್ಡ ಸಾಧನೆ, ನಿಜ. ಆದರೆ ಗೆದ್ದ ಬಂದರುಗಳನ್ನು ಪರರ ಯುದ್ಧಕ್ಕೆ ಸಿಕ್ಕಿಸದೆ ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸವಾಗಿತ್ತು. ಕೆಳದಿಯ ರಾಜನೀತಿಯ ಹೆಚ್ಚುಗಾರಿಕೆ ಇರುವುದು ಅಲ್ಲಿ ಎಂಬುದು ಈ ಲೇಖನದ ವಾದ.

ಆ ಕಾಲದ ಕಡಲಲ್ಲಿ ಎರಡು ದೊಡ್ಡ ಜಗಳಗಳಿದ್ದವು. ಒಂದು ಪೋರ್ಚುಗೀಸರಿಗೂ ಡಚ್ಚರಿಗೂ ನಡೆದದ್ದು. ಡಚ್ಚರು ಗೋವೆಯ ಅಳಿವೆಗೆ ಮತ್ತೆ ಮತ್ತೆ ದಿಗ್ಬಂಧನ ಹಾಕಿದರು, 1663ರ ಜನವರಿಯಲ್ಲಿ ಕೊಚ್ಚಿಯನ್ನು ಕಿತ್ತುಕೊಂಡರು. ಇನ್ನೊಂದು ಪೋರ್ಚುಗೀಸರಿಗೂ ಒಮಾನಿನ ಅರಬರಿಗೂ ನಡುವಿನದು. 1650ರಲ್ಲಿ ಮಸ್ಕತ್ತನ್ನು ಮರಳಿ ಪಡೆದ ಅರಬರು ಸ್ವಂತ ನೌಕಾಬಲ ಕಟ್ಟಿಕೊಂಡು, 1698ರಲ್ಲಿ ಆಫ್ರಿಕದ ಮೊಂಬಾಸಾವನ್ನೂ ಪೋರ್ಚುಗೀಸರಿಂದ ಗೆದ್ದರು. ಈ ಮೂರೂ ಪಕ್ಷಗಳಿಗೆ ಬೇಕಾದ ಒಂದು ವಸ್ತು ಕೆಳದಿಯ ಬಂದರುಗಳಲ್ಲಿತ್ತು: ಅಕ್ಕಿ. ಗೋವೆಯ ಊಟ ಕೆನರಾ ಕರಾವಳಿಯ ಅಕ್ಕಿಯನ್ನೇ ನೆಚ್ಚಿತ್ತು. ಮರಳುಗಾಡಿನ ಅಂಚಿನ ಮಸ್ಕತ್ತಿಗೂ ಅದೇ ಅಕ್ಕಿ ಬೇಕು. ಡಚ್ಚರು ಬಸ್ರೂರಿನಲ್ಲಿ ಕೋಠಿ ಇಟ್ಟುಕೊಂಡದ್ದೂ ಅಕ್ಕಿ, ಮೆಣಸುಗಳಿಗಾಗಿ.

ತುಳುನಾಡಿನ ಅಕ್ಕಿ ಮುಡಿಯನ್ನು ಹತ್ತಿರದಿಂದ ನೋಡಿದವರಿಗೆ ಈ ವ್ಯಾಪಾರದ ಒಂದು ಗುಟ್ಟು ಹೊಳೆಯುತ್ತದೆ. ಬೈಹುಲ್ಲನ್ನು ಹಾಸಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಲೂ ಬಿಗಿಯುತ್ತಾ, ಬಡಿಯುತ್ತಾ ಗುಂಡಗೆ ಕಟ್ಟುವುದು ಎಲ್ಲರ ಕೈಗೂ ಒಗ್ಗದ ಕೆಲಸ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಚೆನ್ನಾಗಿ ಕಟ್ಟಿದ ಮುಡಿ ಅಟ್ಟದ ಮೇಲೆ ಮಳೆಗಾಲ ಕಳೆದರೂ ಹುಳ ಹಿಡಿಯದು. ಮನೆಯ ಉಗ್ರಾಣಕ್ಕೂ ಗೇಣಿಯ ಲೆಕ್ಕಕ್ಕೂ ದೂರದ ಸಾಗಣೆಗೂ ಒಂದೇ ಕಟ್ಟು, ಒಂದೇ ಅಳತೆ. ಇಷ್ಟು ಸಲೀಸಾಗಿ ಕೈಬದಲಾಗುವ ಸರಕಿನ ಮೇಲೆ ನಿಂತ ರಾಜ್ಯಕ್ಕೆ ಬಂದರು ಮುಚ್ಚುವುದು ಎಂದರೆ ತನ್ನ ಬೊಕ್ಕಸವನ್ನೇ ಮುಚ್ಚಿಕೊಂಡಂತೆ. ಶಿವಪ್ಪನಾಯಕನ ಶಿಸ್ತು ನೆಲದ ಉತ್ಪತ್ತಿಗೆ ಕಂದಾಯ ಗೊತ್ತುಮಾಡಿತು. ಆ ಉತ್ಪತ್ತಿ ಹಣವಾಗುತ್ತಿದ್ದ ಒಂದು ಮುಖ್ಯ ಜಾಗ ಬಂದರು.

ಪರರ ಯುದ್ಧದಿಂದ ತಪ್ಪಿಸಿಕೊಳ್ಳಲು ಬಂದರು ಮುಚ್ಚಿದ ದೇಶವೂ ಉಂಟು: ಬ್ರಿಟಿಷ್–ಫ್ರೆಂಚ್ ಯುದ್ಧದ ನಡುವೆ ಸಿಕ್ಕಿಕೊಂಡ ಎಳೆಯ ಅಮೆರಿಕ 1807ರಲ್ಲಿ ತನ್ನ ಹಡಗುಗಳು ಹೊರದೇಶಕ್ಕೆ ಹೋಗುವುದನ್ನೇ ನಿಷೇಧಿಸಿತು. ಕೆಳದಿ ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. ಎಲ್ಲರಿಗೂ ಬಾಗಿಲು ತೆರೆದಿಡು, ಯಾರೊಬ್ಬರಿಗೂ ಬೀಗದ ಕೈ ಕೊಡಬೇಡ. 1663ರ ಬಳಿಕ ಮಲಬಾರಿನಲ್ಲಿ ಡಚ್ಚರು ಮೆಣಸಿನ ವ್ಯಾಪಾರವನ್ನು ತಮ್ಮೊಬ್ಬರ ಹಿಡಿತಕ್ಕೆ ತರಲು ಹೊರಟಾಗ, ಕೆಳದಿ ದರ್ಬಾರು ತಾನೇ ಸೋಲಿಸಿದ್ದ ಪೋರ್ಚುಗೀಸರೊಂದಿಗೆ 1671ರಲ್ಲಿ, ಮತ್ತೆ ರಾಣಿ ಚೆನ್ನಮ್ಮಾಜಿಯ ಕಾಲದಲ್ಲಿ 1678ರಲ್ಲಿ ಒಪ್ಪಂದ ಮಾಡಿಕೊಂಡಿತು. ಅವರಿಗೆ ಮಂಗಳೂರಿನಲ್ಲಿ ಕೋಠಿಗೆ ಜಾಗ ಸಿಕ್ಕಿತು, ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. ಇದನ್ನು ಕೆಲವರು ದೌರ್ಬಲ್ಯವೆಂದು ಓದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಒಬ್ಬನೇ ಕೊಳ್ಳುವವನಿದ್ದರೆ ಬೆಲೆ ಅವನದೇ ಆಗುತ್ತದೆ. ಸೋತವನನ್ನು ಮತ್ತೆ ಸಂತೆಗೆ ಕರೆತಂದದ್ದು ಅದನ್ನು ತಪ್ಪಿಸುವುದಕ್ಕೆ. 1672ರಿಂದ 1697ರವರೆಗೆ ಆಳಿದ ಚೆನ್ನಮ್ಮಾಜಿಯನ್ನು ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ವೀರರಾಣಿಯಾಗಿ ನಾವು ನೆನೆಯುತ್ತೇವೆ. ಅದೇ ರಾಣಿ ಪಶ್ಚಿಮದ ಕಡಲಲ್ಲಿ ಪರಸ್ಪರ ವೈರಿಗಳಾದ ವರ್ತಕರೊಡನೆ ಎಷ್ಟು ಎಚ್ಚರದಿಂದ ವ್ಯವಹರಿಸಿದಳು ಎಂಬುದಕ್ಕೂ ಅಷ್ಟೇ ಗೌರವ ಸಲ್ಲಬೇಕು.

ಈ ನೀತಿಗೆ ಒಂದು ಕೊರತೆ ಇತ್ತು. ತನ್ನ ಬಂದರಿಗೆ ಬಂದು ಹೋಗುವ ಹಡಗಿಗೆ ನಡುಗಡಲಿನಲ್ಲಿ ರಕ್ಷಣೆ ಕೊಡಬಲ್ಲ ನೌಕಾಪಡೆ ಕೆಳದಿಯ ಬಳಿ ಇರಲಿಲ್ಲ. ಪೋರ್ಚುಗೀಸರ ರಹದಾರಿ ಚೀಟಿ, ಅಂದರೆ ಕಾರ್ತಾಜ್, ಇಲ್ಲದೆ ಸಿಕ್ಕ ಹಡಗನ್ನು ಅವರು ಹಿಡಿಯುತ್ತಿದ್ದರು. ಮಸ್ಕತ್ತಿಗೆ ಅಕ್ಕಿ ಮಾರುವುದು ಅವರ ಕಣ್ಣಿಗೆ ಶತ್ರುವಿಗೆ ನೆರವಾಗುವ ಕೆಲಸ. ಅರಬರ ಕಣ್ಣಿಗೆ ಪೋರ್ಚುಗೀಸರ ಕೋಠಿ ಇರುವ ಬಂದರು ಶತ್ರುವಿನ ಬಂದರು. 1695ರಲ್ಲಿ, ತಮ್ಮ ವ್ಯಾಪಾರಕ್ಕೆ ಪೋರ್ಚುಗೀಸರು ಒಡ್ಡಿದ ಅಡ್ಡಿಗೆ ಸೇಡು ತೀರಿಸಿಕೊಳ್ಳಲು ಬಂದ ಅರಬರು ಸುಟ್ಟದ್ದು ಮಂಗಳೂರನ್ನು. ಜಗಳ ಯಾರದೋ, ಬೆಂಕಿ ಬಿದ್ದದ್ದು ಕೆಳದಿಯ ಪೇಟೆಗೆ.

ಹದಿನೆಂಟು ವರ್ಷಗಳ ಬಳಿಕ ಹೊಡೆತ ಇನ್ನೊಂದು ಕಡೆಯಿಂದ ಬಂತು. 1713ರಲ್ಲಿ ಗೋವೆಯ ವೈಸರಾಯ್ ವಾಸ್ಕೊ ಫೆರ್ನಾಂಡಿಸ್ ಸೀಸರ್ ಡಿ ಮೆನೆಸೆಸ್ ಕಳುಹಿಸಿದ ನೌಕಾಪಡೆ ಬಸ್ರೂರು, ಮಂಗಳೂರು, ಕುಮಟಾ ಮೊದಲಾದ ಬಂದರುಗಳ ಮೇಲೆ ದಾಳಿ ಮಾಡಿತು. 1714ರಲ್ಲಿ ಆದ ಒಪ್ಪಂದದಲ್ಲಿ ಅರಬರ ಹಡಗುಗಳಿಗೆ ಬಂದರಿನಲ್ಲಿ ಎಡೆ ಕೊಡಬಾರದೆಂಬ ಶರತ್ತನ್ನು ಕೆಳದಿ ಒಪ್ಪಬೇಕಾಯಿತು. ತಟಸ್ಥ ನೀತಿಯ ಬೇರಿಗೇ ಬಿದ್ದ ಕೊಡಲಿ ಪೆಟ್ಟು ಇದು. ಗೋವೆಗೆ ಅಕ್ಕಿ ಬೇಕೇ ಬೇಕು, ಆದ್ದರಿಂದ ಗೋವೆ ತಮ್ಮ ಮೇಲೆ ಕೈ ಮಾಡಲಾರದು ಎಂಬ ಎಣಿಕೆ ಕೆಳದಿಯವರಲ್ಲಿ ಇದ್ದಿರಬೇಕು. ಆದರೆ ಹಸಿದವನು ಕೊಳ್ಳುವವನಾಗಿಯೂ ಬರಬಹುದು, ದೋಚುವವನಾಗಿಯೂ ಬರಬಹುದು. ಅವನು ಹೇಗೆ ಬರಬೇಕೆಂದು ನಿರ್ಧರಿಸುವ ಶಕ್ತಿ ಹಡಗಿಲ್ಲದ ರಾಜ್ಯಕ್ಕಿರಲಿಲ್ಲ.

ಈ ಪಾಠವನ್ನು ಮೈಸೂರಿನ ಹೈದರಾಲಿ ಕಲಿತಂತೆ ಕಾಣುತ್ತದೆ. 1763ರಲ್ಲಿ ಕೆಳದಿಯ ರಾಜಧಾನಿ ಬಿದನೂರು ಅವನ ಕೈಸೇರಿದಾಗ ಮಂಗಳೂರೂ ಬಂತು. ಅವನು ಅಲ್ಲಿ ಹಡಗು ಕಟ್ಟಿಸಲು ತೊಡಗಿದ. 1778ರಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧ ಹೊತ್ತಿದಾಗ, ಫ್ರೆಂಚರ ಮಾಹೆ ತನ್ನ ರಕ್ಷಣೆಯಲ್ಲಿದೆ, ಅದನ್ನು ಮುಟ್ಟಬೇಡಿ ಎಂದು ಮದ್ರಾಸಿನ ಇಂಗ್ಲಿಷರಿಗೆ ಎಚ್ಚರಿಕೆ ಕೊಟ್ಟ. ಮೈಸೂರಿಗೆ ಯುದ್ಧಸಾಮಗ್ರಿ ಬರುತ್ತಿದ್ದ ದಾರಿ ಮಾಹೆ, ಹಾಗಾಗಿ ಇದನ್ನು ಶುದ್ಧ ತಟಸ್ಥತೆ ಎನ್ನುವಂತಿಲ್ಲ. ಆದರೂ ತನ್ನ ಪ್ರಭಾವದ ಕರಾವಳಿ ಪರರ ರಣರಂಗವಾಗಬಾರದು ಎಂಬ ಬೇಡಿಕೆ ಅದರಲ್ಲಿ ಸ್ಪಷ್ಟವಾಗಿದೆ. ಇಂಗ್ಲಿಷರು 1779ರ ಮಾರ್ಚಿನಲ್ಲಿ ಮಾಹೆಯನ್ನು ಹಿಡಿದರು. ಮರುವರ್ಷ ಹೈದರ್ ಯುದ್ಧಕ್ಕೆ ಇಳಿದ. 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್‌ನ ಪಡೆ ಮಂಗಳೂರಿಗೆ ಬಂದು ಅವನ ಹಡಗುಗಳನ್ನು ನಾಶಮಾಡಿತು. ಕೆಳದಿಗೆ ಇಲ್ಲದ ಹಡಗು ಮೈಸೂರಿಗೆ ಒದಗಿತ್ತು, ಸಾಲದಾಯಿತು.

ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಕಡೆ ಸಂಚರಿಸಿ ಮಂಗಳೂರಿನ ವ್ಯಾಪಾರವನ್ನು ವಿಚಾರಿಸಿದ. ಅವನ ವರದಿಯಲ್ಲಿ ಹೊರಹೋಗುವ ಮುಖ್ಯ ಸರಕು ಅಕ್ಕಿಯೇ. ಅದು ಹೋಗುತ್ತಿದ್ದ ಊರುಗಳಲ್ಲಿ ಗೋವೆ, ಮುಂಬಯಿ, ಮಲಬಾರುಗಳ ಜೊತೆಗೆ, 1714ರ ಒಪ್ಪಂದ ಬಾಗಿಲು ಹಾಕಲು ನೋಡಿದ್ದ ಮಸ್ಕತ್ತೂ ಇದೆ.