ಮೈದಾನದಲ್ಲಿ ‘ಸೇದಬೇಡಿ’ ಅಂತ ಹೇಳಬೇಕಾದವರು ಯಾರು?

ಹಿಸ್ಟರಿ ಸರಣಿ | ಭಾಗ 6 🏏

ರಾಜರು, ಯುದ್ಧ ಎಲ್ಲ ಆಯ್ತು. ಈ ಸಲ ಒಂದು ಚಿಕ್ಕ ಪ್ರಶ್ನೆಯ ಇತಿಹಾಸ. ಮಕ್ಕಳು ಆಡೋ ಜಾಗದಲ್ಲಿ ಒಬ್ಬರು ಸಿಗರೇಟ್ ಹಚ್ಚಿದ್ರೆ, ಬೇಡ ಅಂತ ಹೇಳೋ ಜವಾಬ್ದಾರಿ ಯಾರದ್ದು?

ರೈಲಿನಿಂದ ಶುರು ಮಾಡೋಣ. 1989ರ ರೈಲ್ವೆ ಕಾಯ್ದೆಯ 167ನೇ ಸೆಕ್ಷನ್ ಪ್ರಕಾರ, ಬೋಗಿಯಲ್ಲಿರೋ ಇನ್ನೊಬ್ಬ ಪ್ರಯಾಣಿಕ ಆಕ್ಷೇಪಿಸಿದ್ರೆ ಸೇದೋ ಹಾಗಿಲ್ಲ. ದಂಡ 100 ರೂಪಾಯಿವರೆಗೆ. ಬೇಕಿದ್ರೆ ರೈಲ್ವೆಯವರೇ ಪೂರ್ತಿ ನಿಷೇಧಿಸಬಹುದಿತ್ತು, ಆದ್ರೆ ಮಾಮೂಲಿ ನಿಯಮ ಇದೇ. ಅಂದ್ರೆ ಕೆಮ್ಮೋರೇ ಬಾಯಿ ಬಿಡಬೇಕು. ಪಕ್ಕದಲ್ಲಿ ಕೂತ ಪುಟ್ಟ ಮಗು ಯಾರ ಹತ್ರ ಆಕ್ಷೇಪ ಮಾಡುತ್ತೆ?

ಪಕ್ಕದವರ ಹೊಗೆ ಬರೀ ಕಿರಿಕಿರಿ ಅಲ್ಲ, ಕಾಯಿಲೆ ಅನ್ನೋದು ಅಷ್ಟೊತ್ತಿಗಾಗ್ಲೇ ಗೊತ್ತಿತ್ತು. ಹೆಚ್ಚು ಸೇದೋ ಗಂಡಂದಿರ ಹೆಂಡತಿಯರಿಗೆ, ತಾವು ಸೇದದಿದ್ರೂ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಜಾಸ್ತಿ ಅಂತ ಜಪಾನಿನ ತಕೇಶಿ ಹಿರಯಾಮಾ 1981ರಲ್ಲೇ ತೋರಿಸಿದ್ರು.

1999ರ ಜುಲೈ 12ರಂದು ಕೇರಳ ಹೈಕೋರ್ಟ್ ದೊಡ್ಡ ಹೆಜ್ಜೆ ಇಟ್ಟಿತು. ಸಾರ್ವಜನಿಕ ಸ್ಥಳದಲ್ಲಿ ಸೇದೋದು ಸಂವಿಧಾನದ 21ನೇ ವಿಧಿ ಕೊಟ್ಟಿರೋ ಜೀವಿಸುವ ಹಕ್ಕಿಗೆ ವಿರುದ್ಧ ಅಂತು. 2001ರ ನವೆಂಬರ್ 2ರಂದು, ಮುರಳಿ ದೇವ್ರಾ ಹಾಕಿದ್ದ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟ್ ದೇಶಪೂರ್ತಿ ಆದೇಶ ಕೊಟ್ಟಿತು. ಆಸ್ಪತ್ರೆ, ಶಾಲೆ-ಕಾಲೇಜು, ಲೈಬ್ರರಿ, ಕೋರ್ಟ್, ಸರ್ಕಾರಿ ಕಚೇರಿ, ಬಸ್ಸು, ರೈಲು ಎಲ್ಲ ಪಟ್ಟಿಯಲ್ಲಿದ್ವು. ಊರಿನ ಮೈದಾನ ಇರಲಿಲ್ಲ.

ಆಮೇಲೆ 2003ರ ತಂಬಾಕು ನಿಯಂತ್ರಣ ಕಾಯ್ದೆ (ಕೋಟ್ಪಾ) ಬಂತು. ಯಾವುದೇ ಕಾಯ್ದೆ ಓದೋಕೆ ಮುಂಚೆ ವ್ಯಾಖ್ಯೆ ಓದಬೇಕು ಅನ್ನೋದು ನಾವು ಬಿಕಾಂನವರು ಬಿಸಿನೆಸ್ ಲಾ ಪೇಪರಲ್ಲಿ ಕಲಿಯೋ ಮೊದಲ ಪಾಠ. ಇಲ್ಲೂ ಅಷ್ಟೇ. 4ನೇ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಸೇದೋದನ್ನ ನಿಷೇಧಿಸುತ್ತೆ. ಆದ್ರೆ ‘ಸಾರ್ವಜನಿಕ ಸ್ಥಳ’ದ ವ್ಯಾಖ್ಯೆಯ ಕೊನೇಲಿ ಒಂದು ಬಾಲ ಇದೆ: ತೆರೆದ ಜಾಗ ಇದರಲ್ಲಿ ಸೇರಲ್ಲ. ಶಾಲೆಯ ಸುತ್ತ 100 ಗಜದೊಳಗೆ ಸಿಗರೇಟ್ ಮಾರೋ ಹಾಗಿಲ್ಲ ಅಂತಲೂ ಅದೇ ಕಾಯ್ದೆ ಹೇಳ್ತು. ಆದ್ರೆ ಶಾಲೆ ಬಿಟ್ಟ ಮೇಲೆ ಅದೇ ಮಕ್ಕಳು ಓಡಿ ಬರೋ ಮೈದಾನ ಶಾಲೆ ಅಲ್ವಲ್ಲ!

ಈ ಸಂದಿಯನ್ನ ಮುಚ್ಚೋಕೆ ಹೋಗಿದ್ದು 2008ರ ನಿಯಮಗಳು. ಜಾರಿಗೆ ಬಂದಿದ್ದು ಗಾಂಧಿ ಜಯಂತಿ ದಿನ, ಅಕ್ಟೋಬರ್ 2. ಸ್ಟೇಡಿಯಂ, ಬಯಲು ರಂಗಮಂದಿರ, ರೈಲ್ವೆ ನಿಲ್ದಾಣ, ಬಸ್ ಸ್ಟಾಪ್ ‘ಮತ್ತು ಇಂಥ ಇತರ ಸ್ಥಳ’ಗಳಿಗೆ ತೆರೆದ ಜಾಗ ಅನ್ನೋ ವಿನಾಯಿತಿ ಇಲ್ಲ ಅಂತಾಯ್ತು. ಜನ ಸೇರೋ ಮೈದಾನಕ್ಕೆ ಜಾಗ ಸಿಕ್ಕಿದ್ದು ಆ ‘ಇತರ’ದೊಳಗೆ. ಹೆಸರು ಹಿಡಿದು ಕರೆದಿಲ್ಲ. ಬೇರೆ ಕಡೆ ಹೆಸರಿಟ್ಟೇ ಬರೆದಿದ್ದಾರೆ: ಮಕ್ಕಳ ಆಟದ ಜಾಗದಲ್ಲಿ ಸೇದೋದನ್ನ ಕ್ಯಾಲಿಫೋರ್ನಿಯಾ 2002ರಲ್ಲಿ, ಫ್ರಾನ್ಸ್ 2015ರಲ್ಲಿ, ವೇಲ್ಸ್ 2021ರಲ್ಲಿ ನಿಲ್ಲಿಸಿದವು.

‘ಬಯಲಲ್ಲಿ ಹೊಗೆ ಗಾಳಿಗೆ ಹೋಗುತ್ತೆ ಬಿಡೋ’ ಅಂತೀರಾ? ನಿಜ, ರೂಮಿಗಿಂತ ಬೇಗ ಚದುರುತ್ತೆ. ಆದ್ರೆ ಬೌಂಡರಿ ಲೈನಲ್ಲಿ ನಿಂತು ಸೇದೋರ ಪಕ್ಕದಲ್ಲೇ ಫೀಲ್ಡಿಂಗ್ ಮಾಡೋ ಹುಡುಗನಿಗೆ ಆ ಹೊಗೆ ಸಿಕ್ಕೇ ಸಿಗುತ್ತೆ. ಮಕ್ಕಳು ದೊಡ್ಡೋರಿಗಿಂತ ವೇಗವಾಗಿ ಉಸಿರಾಡ್ತಾರೆ ಬೇರೆ. ಸಿಗರೇಟಿನ ಫಿಲ್ಟರ್ ಅಂದ್ರೆ ಒಂಥರಾ ಪ್ಲಾಸ್ಟಿಕ್. ಜಾರುಬಂಡೆ ಕೆಳಗೆ ಬಿದ್ದ ತುಂಡನ್ನ ಎರಡು ವರ್ಷದ ಮಗು ಬಾಯಿಗೆ ಹಾಕ್ಕೊಂಡ್ರೆ ಅದರಲ್ಲಿ ನಿಕೋಟಿನ್ ಇರುತ್ತೆ. ಇನ್ನೊಂದು, ಸಿಕ್ಸರ್ ಹೊಡೆಯೋ ಅಣ್ಣ ಹೇಗೆ ಬ್ಯಾಟ್ ಹಿಡೀತಾನೆ ಅನ್ನೋದನ್ನಷ್ಟೇ ಚಿಕ್ಕ ಹುಡುಗರು ನೋಡಲ್ಲ.

2025ರಲ್ಲಿ ನಮ್ಮ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂತು. ಸಾರ್ವಜನಿಕ ಸ್ಥಳದಲ್ಲಿ ಸೇದಿದ್ರೆ ದಂಡ 200ರಿಂದ 1000 ರೂಪಾಯಿಗೆ ಏರಿತು. ತಂಬಾಕು ಕೊಳ್ಳೋ ವಯಸ್ಸು 18ರಿಂದ 21ಕ್ಕೆ ಹೋಯ್ತು. ಲೆಕ್ಕ ಹಾಕಿ, ನಮ್ಮ ಕ್ಲಾಸಿನ ಬಹುಪಾಲು ಜನಕ್ಕೆ ಅಂಗಡಿಯವರು ಮಾರೋ ಹಾಗೇ ಇಲ್ಲ 😄

ಆದ್ರೆ ನನ್ನ ಪ್ರಕಾರ ದಂಡಕ್ಕಿಂತ ಮುಖ್ಯವಾದ ಸಾಲು 2008ರ ನಿಯಮದಲ್ಲೇ ಇದೆ. ಸಾರ್ವಜನಿಕ ಸ್ಥಳದ ಉಸ್ತುವಾರಿ ಯಾರದ್ದೋ ಅವರೇ ಪ್ರವೇಶದ್ವಾರದಲ್ಲಿ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಬೋರ್ಡ್ ಹಾಕಬೇಕು. ದೂರು ಯಾರಿಗೆ ಕೊಡಬೇಕು ಅಂತ ಹೆಸರು ಬರೆದಿರಬೇಕು. ದೂರು ಬಂದ್ರೂ ಅವರು ಸುಮ್ಮನಿದ್ರೆ ದಂಡ ಅವರಿಗೂ ಬೀಳುತ್ತೆ. 1989ರಲ್ಲಿ ಪಕ್ಕದಲ್ಲಿ ಕೂತವರ ತಲೆ ಮೇಲಿದ್ದ ಹೊರೆ ಹೀಗೆ ಉಸ್ತುವಾರಿಯವರ ಹೆಗಲಿಗೆ ಬಂತು. ಎಂಟು ವರ್ಷದ ಹುಡುಗ ‘ಅಂಕಲ್, ಸೇದಬೇಡಿ’ ಅಂತ ಕೇಳೋ ಪರಿಸ್ಥಿತಿ ಬರಬಾರದು ಅನ್ನೋದೇ ಇದರ ಅರ್ಥ.

ಭಾನುವಾರ ಮ್ಯಾಚಿಗೆ ಹೋದಾಗ ಟಾಸ್‌ಗೆ ಮುಂಚೆ ಗೇಟಿನ ಹತ್ರ ಒಂದು ಸಲ ಕಣ್ಣು ಹಾಯಿಸಿ. ಬೋರ್ಡ್ ಇಲ್ಲ ಅಂದ್ರೆ ನಾಲ್ಕು ಜನ ಸೇರಿ ಪಂಚಾಯ್ತಿಗೋ ನಗರಸಭೆಗೋ ಒಂದು ಅರ್ಜಿ ಬರೀರಿ. ಅರ್ಜಿ ಬರೆಯೋಕೆ ಒಂದು ಓವರ್‌ಗಿಂತ ಜಾಸ್ತಿ ಟೈಮ್ ಬೇಡ.

ಮುಂದಿನ ಭಾಗ ಮುಂದಿನ ವಾರ.

#ಹಿಸ್ಟರಿಸರಣಿ #ನಮ್ಮಮೈದಾನ #ಹೊಗೆಬೇಡ